ಎಡಕ್ಕೆ ತಿರುಗಿದ ನೀರು

ಅವರು ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದರು. ಗೊತ್ತಿಲ್ಲದವರು ಸಂಕೋಚದ ಮನುಷ್ಯ ಅಂದುಕೊಳ್ಳುತ್ತಿದ್ದರು. ಸಂಕೋಚವೂ ಇಲ್ಲ, ಏನೂ ಇಲ್ಲ. ಅವರ ಗಮನವೆಲ್ಲ ನೆಲದಡಿಯ ಪೈಪಿನ ಮೇಲೆ. ಗುಂಡ್ಲುಪೇಟೆಯಲ್ಲಿ ಮೂವತ್ತು ವರ್ಷ ವಾಲ್ವು ತಿರುಗಿಸಿ, ಬೀದಿ ಬೀದಿಗೆ ಸರದಿಯ ಮೇಲೆ ಕುಡಿಯುವ ನೀರು ಬಿಟ್ಟ ನೀರುಗಂಟಿ ಅವರು. ಯಾರ ಮನೆಯ ಮುಂದೆ ಪೈಪು ಬಾಗಿದೆ, ಯಾವ ಮೋರಿಯ ಕೆಳಗೆ ಜಾಯಿಂಟು ಸೋರುತ್ತದೆ, ಎಲ್ಲ ಆ ತಲೆಯಲ್ಲಿತ್ತು. ಜೊತೆಯಲ್ಲಿ ಮಾತಾಡಿಕೊಂಡು ಬರುತ್ತಿದ್ದವರು ಇದ್ದಕ್ಕಿದ್ದಂತೆ ನಿಂತು, ಚಪ್ಪಲಿ ಬಿಟ್ಟು, ಅಂಗಾಲನ್ನು ಮಣ್ಣಿಗೆ ಒತ್ತಿ ಹೇಳುತ್ತಿದ್ದರು: "ಇಲ್ಲಿ ತಣ್ಣಗದ ನೋಡ್ಲಾ. ಕೆಳಗೆ ಎಲ್ಲೊ ಬುಟ್ಕೊಂಡದ."

ಅವರ ಹೆಸರು ಬರೆಯುವುದಿಲ್ಲ. ಪೇಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆಯೇ. ಕೊಡ ಹಿಡಿದು ಕಾಯುವ ಹೆಂಗಸರಿಗೆಲ್ಲ ಅವರು ನೀರಣ್ಣ. ನನಗೆ ಬರೀ ಅಣ್ಣ. ಹೋದ ತಿಂಗಳು ತೀರಿಕೊಂಡರು.

ನನ್ನದು ಚಾಮರಾಜನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಊರು ಉಮ್ಮತ್ತೂರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಸ್ಸು ಹತ್ತಿ ಬಂದು ತಾಮ್ರದ ತಂತಿ ಸುತ್ತುವುದನ್ನು ಕಲಿತವನು. ಈಗ ಬದನಗುಪ್ಪೆಯ ಕಾರ್ಖಾನೆಗಳಿಂದಲೂ ಮೋಟಾರುಗಳು ನನ್ನಲ್ಲಿಗೆ ಬರುತ್ತವೆ. ನಾನು ಸುತ್ತಿದ ಮೋಟಾರು ವರ್ಷದೊಳಗೆ ಸುಟ್ಟು ವಾಪಸು ಬಂದದ್ದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ ಅಂದರೆ ಸುಳ್ಳಾಗುತ್ತದೆ. ಜಂಬ ಇದೆ. ಓದದೆ ಕೈಯಿಂದ ಮೇಲೆ ಬಂದವನಿಗೆ ಅದೊಂದು ಇರುತ್ತದೆ. ನಾನು ಹೇಳಹೊರಟಿರುವುದಕ್ಕೆ ಅದೂ ಬೇಕು, ಅದಕ್ಕೇ ಮೊದಲೇ ಹೇಳಿದೆ.

ಅಣ್ಣನ ಪರಿಚಯವಾದದ್ದೂ ಈ ಜಂಬಕ್ಕೆ ಒಂದು ಪೆಟ್ಟು ಬಿದ್ದೇ. ಅವರ ಪಂಪ್‌ಹೌಸಿನ ಮೋಟಾರು ಕೆಟ್ಟಿತು ಎಂದು ನನ್ನನ್ನು ಕರೆಸಿದ್ದರು. ಹೋದೆ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಕೆಸರು, ಹೆಗಲ ಮೇಲೆ ಟವೆಲು, ಒಬ್ಬರು ಉದ್ದದ ಕಬ್ಬಿಣದ ಸರಳಿನ ಒಂದು ತುದಿಯನ್ನು ಮೋಟಾರಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ಅರ್ಧ ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಹೇಳಿದರು:

"ವೈಂಡಿಂಗ್ ಚೆನ್ನಾಗದ ಮಿಸ್ತ್ರಿ. ಬೇರಿಂಗ್ ಓಗದ."

"ನೀವು ನೀರು ಬುಡಿ ಅಣ್ಣ. ಮೋಟಾರು ನಾನು ನೋಡ್ಕತೀನಿ" ಅಂದೆ.

ಗೂಡ್ಸ್ ಆಟೋಗೆ ಹೇರಿಸಿಕೊಂಡು ಚಾಮರಾಜನಗರಕ್ಕೆ ತಂದು ಬಿಚ್ಚಿದೆ. ವೈಂಡಿಂಗ್ ಹೊಸದರ ಹಾಗಿತ್ತು. ಬೇರಿಂಗಿನ ಗುಂಡುಗಳು ಪುಡಿಯಾಗಿದ್ದವು. ಬೇರಿಂಗ್ ಹಾಕಿ ಮಾರನೇ ದಿನ ವಾಪಸು ಒಯ್ದು ಕೂರಿಸಿದಾಗ ಅವರು ಏನೂ ಕೇಳಲಿಲ್ಲ. ನೀರು ಮೇಲಕ್ಕೆ ಹೋಗುವುದನ್ನು ಖಾತ್ರಿ ಮಾಡಿಕೊಂಡು, ಟೀ ತರಿಸಿ, ಲೋಟ ನನ್ನ ಕೈಗಿಟ್ಟು ಮೆಲ್ಲಗೆ ಅಂದರು: "ಕಿವೀನೂ ಒಂಚೂರು ತೊಳ್ಕೊಳ್ಲಾ ಆಗಾಗ."

ಅವತ್ತಿನಿಂದ ನಾನು 'ಲಾ' ಆದೆ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಆ ಊರಿನ ಕೆಲಸವನ್ನೇ ಬಿಟ್ಟುಬಿಡುತ್ತಿದ್ದೆ. ಅವರು ಅಂದಾಗ ನಗು ಬಂತು.

ಅವರಿಗೆ ಲೀಟರು ಗೀಟರು ಬರುತ್ತಿರಲಿಲ್ಲ. ಎಲ್ಲ ಕೊಡದ ಲೆಕ್ಕ. ಒಂದು ಕೊಡ ಅಂದರೆ ಹನ್ನೆರಡು ಲೀಟರು. ಕೆರೆ ನೋಡಿದರೂ ಮನಸ್ಸಿನಲ್ಲೇ ಕೊಡಗಳಲ್ಲಿ ಅಳೆಯುತ್ತಿದ್ದರೋ ಏನೋ. ಒಂದು ಸಲ ನನ್ನನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿದ್ದವರೆಲ್ಲ ಆನೆ ಕಾಣುತ್ತದಾ ಎಂದು ಕಿಟಕಿಗೆ ಅಂಟಿಕೊಂಡಿದ್ದರೆ ಇವರು ನಿದ್ದೆ. ದೇವಸ್ಥಾನದಲ್ಲಿ, ಗರ್ಭಗುಡಿಯ ಬಾಗಿಲ ಮೇಲಿಂದ ಹನಿ ನೀರು ತೊಟ್ಟಿಕ್ಕುವ ಕಡೆ, ಜನ ತಲೆಯೊಡ್ಡಿ ಕೈಮುಗಿದು ಮುಂದೆ ಹೋಗುತ್ತಿದ್ದರು. ಅಣ್ಣ ಮಾತ್ರ ಅಲ್ಲೇ ನಿಂತು ಹನಿ ಎಣಿಸಿದರು. ಹಿಂದಿನವರು ತಳ್ಳಿದರೂ ಜಗ್ಗಲಿಲ್ಲ. ಕೊನೆಗೆ ಅರ್ಚಕರನ್ನೇ ಕೇಳಿದರು: "ಸ್ವಾಮಿ, ಬೇಸಗೇಲೂ ಇಂಗೇ ಬತ್ತದ? ಇದ್ರ ವಾಲ್ವು ಯಾರ್ ಕೈಲದ?" ಅರ್ಚಕರು ನಕ್ಕು ಒಳಗೆ ಕೈ ತೋರಿಸಿದರು. ಅಣ್ಣ ಆಗ ಕೈಮುಗಿದರು, ಕೆಲಸ ಬಲ್ಲ ಇನ್ನೊಬ್ಬನಿಗೆ ಮುಗಿಯುವ ಹಾಗೆ.

ಅವರು ರಿಟೈರಾದ ಮಾರನೇ ವರ್ಷ ಅತ್ತಿಗೆಗೆ ಲಕ್ವ ಹೊಡೆಯಿತು. ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರೇ. ಎಡಗೈ ಎಡಗಾಲು ಬಿದ್ದುಹೋದವು, ಮಾತು ತೊದಲಾಯಿತು. ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿತ್ತು. ಎಡಗಡೆ ಅನ್ನುವುದೇ ಆಕೆಯ ಪಾಲಿಗೆ ಇಲ್ಲವಾಗಿತ್ತು. ತಟ್ಟೆಯಲ್ಲಿ ಬಲಗಡೆಯ ಅನ್ನ ತಿಂದು ಎಡಗಡೆಯದನ್ನು ಹಾಗೇ ಬಿಟ್ಟು, ಇನ್ನೂ ಹಸಿವು ಅನ್ನುವರು. ಕಣ್ಣು ಕಾಣುವುದಿಲ್ಲವೆಂದಲ್ಲ, ಅತ್ತ ತಿರುಗಬೇಕೆಂದು ತಲೆಗೆ ತೋಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹೆಣ್ಣುಮಗಳು, ಏನು ಕೊಟ್ಟರೂ ಎಡಗಡೆಯಿಂದ ಕೊಡಿ, ಎಡಕ್ಕೆ ನೋಡುವ ಹಾಗೆ ಮಾಡಿ ಎಂದು ಹೇಳಿ ಕಳಿಸಿದ್ದಳು. ಅಣ್ಣ ಮಂಚದ ಎಡಕ್ಕೆ ಸ್ಟೂಲು ಹಾಕಿಕೊಂಡು ದಿನವೆಲ್ಲ ಕೂತು ಮಾತಾಡಿಸುತ್ತಿದ್ದರು. ನಾನೇ ಕಂಡಿದ್ದೇನೆ. ಅವರು ಒಂದು ಮೊಳ ದೂರದಲ್ಲಿ ಕೂತು "ಅಮ್ಮೀ, ಇಲ್ಲಿವ್ನಿ ಕಣ" ಅಂದರೆ, ಅತ್ತಿಗೆ ಬಲಗಡೆಯ ಗೋಡೆ ನೋಡುತ್ತ "ಎಲ್ಲಿದ್ದೀರಿ?" ಎಂದು ಕೇಳುವರು.

ಮೂವತ್ತು ವರ್ಷ ಊರಿಗೆ ನೀರು ಕೊಟ್ಟ ಮನುಷ್ಯ ಕಣ್ಣಲ್ಲಿ ನೀರು ಹಾಕಿದ್ದನ್ನು ನೋಡಿದವನು ನಾನೊಬ್ಬನೇ ಇರಬೇಕು.

ಮೀನಿನ ತೊಟ್ಟಿಯ ಯೋಚನೆ ಅವರಿಗೆ ಹೇಗೆ ಬಂತೋ. ಊಟಿ ರಸ್ತೆಯಲ್ಲಿ ಮುಚ್ಚಿಹೋದ ಹೋಟೆಲೊಂದರಿಂದ ಮೂರಡಿ ಉದ್ದದ ಗಾಜಿನ ತೊಟ್ಟಿ ತಂದು, ಅತ್ತಿಗೆಯ ಮಂಚದ ಎದುರಿಗೆ ಇಟ್ಟರು. ಹದಿಮೂರು ಕೊಡ ಹಿಡಿಯಿತು. ನಾಲ್ಕು ಮೀನು ಬಿಟ್ಟರು. ಮೂರು ಸಣ್ಣವು, ಒಂದು ಕಿತ್ತಳೆ ಬಣ್ಣದ ದೊಡ್ಡದು. ಅದರ ಬಾಲ ಎಷ್ಟು ಉದ್ದವೆಂದರೆ ಅತ್ತಿಗೆ ಅದಕ್ಕೆ ಮದ್ಲಗಿತ್ತಿ ಎಂದು ಹೆಸರಿಟ್ಟರು. ಮದುವೆ ಹೆಣ್ಣಿನ ಸೆರಗಿನ ಹಾಗೆ ಅದು ಹಿಂದೆ ಹಿಂದೆ ಬರುತ್ತಿತ್ತು.

ಆದರೆ ಮೀನುಗಳೆಲ್ಲ ತೊಟ್ಟಿಯ ಬಲಗಡೆಯೇ ಇರುತ್ತಿದ್ದವು. ಫಿಲ್ಟರಿನ ಗುಳ್ಳೆ ಅಲ್ಲಿ, ಕಿಟಕಿಯ ಬೆಳಕು ಅಲ್ಲಿ, ಉದುರಿಸಿದ ಊಟ ಬೀಳುವುದೂ ಅಲ್ಲಿ. ಎಡಗಡೆಯ ಮೂಲೆಯಲ್ಲಿ ನೀರು ಸತ್ತ ಹಾಗೆ ನಿಂತು ಕೊಳೆ ಕೂತಿತ್ತು. ಅಣ್ಣ ನನ್ನನ್ನು ಕರೆಸಿ ಹೇಳಿದ್ದು ಇಷ್ಟು:

"ಊಟ ತೇಲ್ಕೊಂಡು ಎಡಕ್ಕೆ ಓಗ್ಬೇಕು. ಊಟ ಓದ್ರೆ ಮೀನು ಓಯ್ತದ. ಮೀನು ಓದ್ರೆ ಇವ್ಳ ಕಣ್ಣು ಓಯ್ತದ. ಅಂಗೆ ನೀರ್ನ ತಿರುಗ್ಸೋ ಪಂಪು ಯಾವ್ದಾರು ಅದೇನ್ಲಾ?"

"ಅದ್ಕೇನಂತೆ ಅಣ್ಣ. ನನ್ಗೆ ಬುಡಿ" ಅಂದೆ.

ಅಂಥ ಪಂಪು ಇದೆ. ಫಿಲ್ಟರಿನ ಪಂಪು ನೀರನ್ನು ಮೇಲಕ್ಕೆ ಎತ್ತುತ್ತದೆ; ಆದ್ದರಿಂದ ಎಷ್ಟು ಎತ್ತರಕ್ಕೆ ಎಂದು ನೋಡಬೇಕು. ಈ ಪಂಪು ಏನನ್ನೂ ಎತ್ತುವುದಿಲ್ಲ. ನೀರಿನೊಳಗೇ ಕೂತು, ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಗಂಟೆಗೆ ಎಷ್ಟು ಲೀಟರು ತಿರುಗಿಸುತ್ತದೆ ಎಂಬುದು ಡಬ್ಬಿಯ ಮೇಲೇ ಇರುತ್ತದೆ. ಮೈಸೂರಿನ ಅಂಗಡಿಯಲ್ಲಿ ಆರುನೂರರಿಂದ ಹಿಡಿದು ನಾಲ್ಕು ಸಾವಿರದವರೆಗೂ ಜೋಡಿಸಿಟ್ಟಿದ್ದರು. ಎಷ್ಟು ದೊಡ್ಡ ತೊಟ್ಟಿ, ಯಾವ ಮೀನು ಎಂದು ಅಂಗಡಿಯಾತ ಕೇಳಿದ. "ಪಂಪಿನ ವಿಚಾರ ನನ್ಗೆ ಯೋಳ್ಬ್ಯಾಡಪ್ಪ" ಎಂದು ನಾಲ್ಕು ಸಾವಿರದ್ದನ್ನೇ ಎತ್ತಿಕೊಂಡು ಬಂದೆ.

ನಮ್ಮ ಕಡೆ ರೈತರು ಮೋಟಾರನ್ನು ನೋಡುವ ರೀತಿಯೇ ಒಂದು. ಸ್ವಿಚ್ಚು ಹಾಕಿದ ಮೇಲೆ ಪೈಪಿನ ಬಾಯಿಂದ ನೀರು ಎಷ್ಟು ದೂರಕ್ಕೆ ಹೋಗಿ ಬೀಳುತ್ತದೆ ಎಂದು ನೋಡುತ್ತಾರೆ. ದೂರ ಬಿದ್ದರೆ ಒಳ್ಳೆ ಮಿಸ್ತ್ರಿ, ಹತ್ತಿರ ಬಿದ್ದರೆ ಕೆಟ್ಟ ಮಿಸ್ತ್ರಿ. ಇಪ್ಪತ್ತು ವರ್ಷ ಆ ಮಾತು ಕೇಳಿಸಿಕೊಂಡವನು ನಾನು. ನೀರು ಅಂದರೆ ಹೊಡೆಯಬೇಕು ಎಂದು ಕಲಿತುಬಿಟ್ಟಿದ್ದೆ.

ತೊಟ್ಟಿಗೆ ಹಾಕಿದಾಗ ಎಡಮೂಲೆಯ ಕೊಳೆ ಒಂದೇ ಏಟಿಗೆ ಎದ್ದುಹೋಯಿತು. ಊಟದ ಕಾಳು ಗುಂಡಿನ ಹಾಗೆ ಎಡಕ್ಕೆ ಹಾರಿತು. ಮೀನುಗಳೂ ಹಾರಿದವು.

"ಜೋರಾಯ್ತೇನ್ಲಾ?" ಎಂದರು ಅಣ್ಣ.

"ಇರ್ಲಿ ಅಣ್ಣ. ಕೊಳೆ ನಿಲ್ಲಕಿಲ್ಲ" ಎಂದು ಐದು ಗಂಟೆಯ ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಹೋದರೆ ಪಂಪಿನ ಸ್ವಿಚ್ಚು ಆಫಾಗಿತ್ತು. ಮದ್ಲಗಿತ್ತಿ ಇರಲಿಲ್ಲ. ಉಳಿದ ಮೂರು ಒಂದು ಕಲ್ಲಿನ ಹಿಂದೆ ಸೇರಿಕೊಂಡಿದ್ದವು. ನಾನು ಹೋದ ಮಾರನೇ ದಿನವೇ ಮದ್ಲಗಿತ್ತಿ ಫಿಲ್ಟರಿನ ಬಾಯಿಗೆ ಅಂಟಿಕೊಂಡು ಸತ್ತಿತ್ತಂತೆ. ಉದ್ದ ಬಾಲದ ಮೀನು ರಭಸಕ್ಕೆ ಈಜಲಾರದು. ಸೆರಗೇ ಅದಕ್ಕೆ ಭಾರ. ಬಾಗಿಲಲ್ಲಿ ನಿಂತು ನೋಡಿದೊಡನೆ ನನಗೆ ಗೊತ್ತಾಯಿತು. ಅತ್ತಿಗೆ ತೊಟ್ಟಿಯನ್ನೂ ನೋಡದೆ ಬಲಗಡೆಯ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಏನಾಗಿತ್ತು ಅಂತೀಯ ಅದ್ಕೆ?" ಎಂದು ಅಣ್ಣ ಕೇಳಿದರು. ತಪ್ಪು ಹುಡುಕುವ ಮಾತಲ್ಲ. ಗೊತ್ತಿರುವವನನ್ನು ಕೇಳುವ ಮಾತು.

"ಕಾಯಿಲೆ ಮೀನು ಅಣ್ಣ" ಅಂದೆ. "ತರುವಾಗ್ಲೇ ಇತ್ತು ಅಂತ ಕಾಣ್ತದ. ಹೊಸ ಮೀನ್ನ ಒಂದೇ ಸಲ ತೊಟ್ಟಿಗೆ ಬುಡ್ಬಾರ್ದು. ಹತ್ತು ದಿಸ ಬಕೆಟ್ಟಲ್ಲಿಟ್ಟು ನೋಡ್ಬೇಕು."

ಬಕೆಟ್ಟಿನ ಮಾತು ನಿಜವಾದದ್ದೇ. ಮೈಸೂರಿನ ಅಂಗಡಿಯಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಿತ್ತು. ನಿಜದೊಳಗೆ ಸುಳ್ಳನ್ನು ಸುತ್ತಿಟ್ಟೆ. ಸುತ್ತುವುದು ನನಗೆ ಬರುವ ಕೆಲಸವಲ್ಲವೇ.

"ಅಂಗಾ?" ಎಂದರು ಅಣ್ಣ. "ನಂಗೆ ತಿಳೀನಿಲ್ವಲ್ಲ. ನಾನೇ ತಪ್ ಮಾಡ್ಬುಟ್ಟೆ."

ಆಗಲಾದರೂ ಬಾಯಿ ಬಿಡಬಹುದಿತ್ತು. "ಪಂಪೂ ಒಂಚೂರು ಜೋರದ, ಬದ್ಲಾಯಿಸ್ಬುಡನ" ಅಂದೆ. ಅದೊಂದು ಸಣ್ಣ ವಿಷಯ ಅನ್ನುವ ಹಾಗೆ.

ಎರಡನೇ ಪಂಪನ್ನು ಆರಿಸಿದ್ದು ಅವರು. ಡಬ್ಬಿಯ ಲೆಕ್ಕವನ್ನು ನನ್ನಿಂದ ಕೊಡಕ್ಕೆ ಇಳಿಸಿಕೊಂಡರು. ಬೆರಳು ಮಡಿಚಿ ಯೋಚನೆ ಮಾಡಿದರು. "ಹದಿಮೂರು ಕೊಡದ ತೊಟ್ಟಿ. ಗಂಟೇಲಿ ಅಷ್ಟೂ ನೀರು ನಾಕ್ ಸಲ ಸುತ್ತಿದ್ರೆ ಸಾಕು. ಐವತ್ತು ಕೊಡ ಅನ್ನು. ನೀ ತಂದಿದ್ದು ಮುನ್ನೂರ ಮೂವತ್ತು ಕೊಡದ್ದು. ಒಂದು ಬೀದಿಗೆ ಬುಡೋ ನೀರ್ನ ಗಾಜಿನ ಪೆಟ್ಟಿಗೆಗೆ ಬುಟ್ಟಿದ್ದೀಯಲ್ಲೋ."

ನಕ್ಕರು. ನಾನು ನಗಲಿಲ್ಲ. ಆ ಗಳಿಗೆಯಲ್ಲಿ ಅವರಿಗೆ ಗೊತ್ತಾಗಿರಬೇಕು ಅಂದುಕೊಂಡೆ. ಆಮೇಲೂ ವರ್ಷಗಟ್ಟಲೆ ಹಾಗೇ ಅಂದುಕೊಂಡೆ. ಗೊತ್ತಿದ್ದೂ ನನ್ನ ಮಾನ ಉಳಿಸಿದ್ದಾರೆ ಎಂದು.

ಆರುನೂರು ಲೀಟರಿನ ಪುಟ್ಟ ಪಂಪು ಬಂತು. ಅದನ್ನು ಕೂರಿಸಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಪೊರಕೆ ಕಡ್ಡಿಯ ತುದಿಗೆ ಒಂದು ಗೇಣು ಕೆಂಪು ದಾರ ಕಟ್ಟಿ, ಅದನ್ನು ನೀರೊಳಗೆ ಒಂದೊಂದು ಮೂಲೆಯಲ್ಲೂ ಹಿಡಿದು ಅಣ್ಣ ನೋಡುವರು. ದಾರ ನೇರ ಕೆಳಗೆ ಬಿದ್ದರೆ ಅಲ್ಲಿ ನೀರು ಸತ್ತಿದೆ. ಪಟಪಟ ಹೊಡೆದುಕೊಂಡರೆ ಅಲ್ಲಿ ಮೀನಿಗೆ ನಿಲ್ಲಲಾಗುವುದಿಲ್ಲ. ಮೆಲ್ಲಗೆ ವಾಲಿದರೆ ಸರಿ. "ಎಡಕ್ಕೆ ಒಂದಿಂಚು. ಇಲ್ಲ, ಅರ್ಧ. ಸ್ವಿಚ್ ಆಫ್ ಮಾಡ್ಲಾ ಮೊದ್ಲು, ಆಮೇಲೆ ಕೈ ಆಕು. ಮಿಸ್ತ್ರಿ ಅಂದ್ಬುಟ್ಟು ಕರೆಂಟು ಮರ್ಯಾದೆ ಕೊಟ್ಟದ?" ಕೊನೆಗೆ ಹಿಂಬದಿಯ ಬಲಮೂಲೆಯಲ್ಲಿ, ಅರ್ಧ ಆಳದಲ್ಲಿ, ಮುಂಗಾಜಿಗೆ ಓರೆಯಾಗಿ ಮುಖ ಮಾಡಿ ಕೂತಿತು. ನೀರು ಗಾಜಿಗೆ ತಾಗಿ, ರಭಸ ಕಳೆದುಕೊಂಡು, ಗಾಜಿನ ಗುಂಟ ಎಡಕ್ಕೆ ಜಾರಿ, ಹಿಂದಿನಿಂದ ತಿರುಗಿ ಬರುತ್ತಿತ್ತು. ಎಡಗಡೆ ಎರಡು ಕಲ್ಲು ಇಟ್ಟರು, ದಣಿದ ಮೀನು ಮರೆಯಲ್ಲಿ ನಿಲ್ಲಲಿ ಎಂದು. ಪಂಪಿನ ಬಾಯಿಗೂ ಫಿಲ್ಟರಿನ ಬಾಯಿಗೂ ಸ್ಪಂಜು ಸುತ್ತಿದರು. ವೈರನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲೆ ತಂದದ್ದು ಮಾತ್ರ ನಾನು. ವೈರಿನ ಗುಂಟ ನೀರು ಬಂದರೂ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಅಣ್ಣ ಎಡಗಡೆಯ ಸ್ಟೂಲಿನ ಮೇಲೆ ಕೂತರು. ನಾನು ಬಲಗಡೆ ನಾಲ್ಕು ಕಾಳು ಉದುರಿಸಿದೆ. ಕಾಳು ಅವಸರವಿಲ್ಲದೆ ತೇಲಿತು. ಹೊಸದಾಗಿ ತಂದು ಹತ್ತು ದಿನ ಬಕೆಟ್ಟಿನಲ್ಲಿಟ್ಟಿದ್ದ ಮೀನು ಅದರ ಹಿಂದೆ ಹೊರಟಿತು. ಅತ್ತಿಗೆಯ ಕಣ್ಣು ಮೀನಿನ ಹಿಂದೆ ಹೊರಟಿತು. ತೊಟ್ಟಿಯ ನಡುವಿನ ತನಕ ಯಾವಾಗಲೂ ಬರುತ್ತಿದ್ದ ಕಣ್ಣು ಅಲ್ಲಿ ನಿಂತಿತು. ಮೀನು ಕಾಳಿಗೆ ಬಾಯಿ ಹಾಕಿತು, ಕಾಳು ತಪ್ಪಿತು, ಅದರ ಹಿಂದೆ ಇನ್ನೂ ಮುಂದೆ ಹೋಯಿತು. ಅತ್ತಿಗೆಯ ಗದ್ದ ಅಲುಗಿತು. ಕುತ್ತಿಗೆ ಮೆಲ್ಲಗೆ, ತುಕ್ಕು ಹಿಡಿದ ವಾಲ್ವಿನ ಹಾಗೆ, ಎಡಕ್ಕೆ ತಿರುಗಿತು. ಮೀನು ಗಾಜಿನ ಕೊನೆ ಮುಟ್ಟಿತು. ಗಾಜಿನ ಆಚೆ ಅಣ್ಣ ಕೂತಿದ್ದರು.

"ಇಲ್ ಕೂತಿದ್ದೀರಾ" ಎಂದರು ಅತ್ತಿಗೆ, ತೊದಲುತ್ತ.

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ, "ಇನ್ನೆರಡು ಕಾಳು ಬುಡ್ಲಾ" ಎಂದರು.

ಆಮೇಲೆ ಆರು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ ನಾನು ಗುಂಡ್ಲುಪೇಟೆಗೆ ಹೋದೆ. ಹೆಸರಿಗೆ ಪಂಪು ತೊಳೆಯುವ ಕೆಲಸ. ಅಲ್ಲಿಯ ಬೋರ್ ನೀರು ಗಡಸು. ಪಂಪಿನೊಳಗೆ ತಿರುಗುವ ರೆಕ್ಕೆಗೆ ಸುಣ್ಣದ ಹಾಗೆ ಬೆಳ್ಳಗೆ ಕಟ್ಟಿಕೊಳ್ಳುತ್ತಿತ್ತು. ಹುಣಸೆಹಣ್ಣಿನ ನೀರಿನಲ್ಲಿ ಅದನ್ನು ನೆನೆಹಾಕಿ ಉಜ್ಜುವಷ್ಟರಲ್ಲಿ ಎರಡು ಸಲ ಕಾಫಿ ಆಗುತ್ತಿತ್ತು. ತಿಂಗಳಿಗೊಮ್ಮೆ ತೊಳೆದರೆ ಸಾಕಾಗುವ ಪಂಪನ್ನು ನಾವು ವಾರಕ್ಕೊಮ್ಮೆ ತೊಳೆದೆವು. ಅತ್ತಿಗೆ ದಿಂಬಿಗೊರಗಿ ಕೂರುವಂತಾದರು, ಆಮೇಲೆ ಕೋಲು ಹಿಡಿದು ಬಚ್ಚಲಿಗೆ ಹೋಗುವಂತಾದರು. ತಟ್ಟೆಯ ಎರಡೂ ಕಡೆ ಖಾಲಿಯಾಗತೊಡಗಿತು. ನನ್ನ ಅಂಗಡಿಯಲ್ಲಿ ಹಗಲೆಲ್ಲ ಗಿರಾಕಿಗಳ ಗಲಾಟೆ. ಮನೆಯಲ್ಲೂ ನಾನು ಕಡಿಮೆ ಮಾತಿನವನು. ಆ ಮಂಚ, ತೊಟ್ಟಿ, ಸ್ಟೂಲುಗಳ ನಡುವೆ ಕೂತು ಆಡಿದಷ್ಟು ಮಾತನ್ನು ಜನ್ಮದಲ್ಲಿ ಬೇರೆಲ್ಲೂ ಆಡಿಲ್ಲ.

ಆದರೆ ಬಾಗಿಲ ಪಕ್ಕದಲ್ಲಿ ಒಂದು ನೀಲಿ ಬಕೆಟ್ಟು ಇರುತ್ತಿತ್ತು. ಹೊಸ ಮೀನು ತಂದಾಗಲೆಲ್ಲ ಅಣ್ಣ ಹತ್ತು ದಿನ ಅದರಲ್ಲಿಟ್ಟು, ದಿನಾ ನೀರು ಬದಲಾಯಿಸಿ, ಬಗ್ಗಿ ನೋಡುತ್ತಿದ್ದರು. ಮೊಣಕಾಲು ನೋವಿನಲ್ಲೂ ಬಿಡಲಿಲ್ಲ. ಬಂದವರಿಗೆಲ್ಲ ಹೇಳುವರು: "ನಮ್ ಮಿಸ್ತ್ರಿ ಯೋಳವ್ನೆ. ಅವತ್ತು ನಾನು ಗೊತ್ತಿಲ್ದೆ ಒಂದು ಮೀನು ಸಾಯಿಸ್ಬುಟ್ಟೆ." ನಾನು ಲೋಟದೊಳಗೆ ನೋಡುತ್ತ ಕೂರುತ್ತಿದ್ದೆ. ಎಷ್ಟೋ ಸಲ "ಅಣ್ಣ" ಎಂದು ಶುರುಮಾಡಿದ್ದಿದೆ.

"ಏನ್ಲಾ?"

"ಏನಿಲ್ಲ. ಕಾಫಿ ಚೆನ್ನಾಗದ."

"ಬೆಲ್ಲ ಜಾಸ್ತಿಯಾಗದ. ಸುಳ್ ಯೋಳ್ಬ್ಯಾಡ."

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದು ಸ್ಟೂಲಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿಬಿಟ್ಟರಂತೆ. ಮಣ್ಣಿಗೆ ಹೋಗಿ ಬಂದೆ. ಜನ ಬಹಳ ಸೇರಿದ್ದರು. ತಿಥಿ ಕಳೆದು ನಂಟರೆಲ್ಲ ಹೋದ ಮೇಲೆ, ಒಂದು ಭಾನುವಾರ, ಹುಣಸೆಹಣ್ಣು ಕಟ್ಟಿಕೊಂಡು ಎಂದಿನಂತೆ ಬಸ್ಸು ಹತ್ತಿದೆ. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. ಅಡುಗೆ ಮಾಡಿಕೊಡಲು ತಂಗಿ ಬಂದಿದ್ದಾರೆ, ಒಳಗೆ ಪಾತ್ರೆಯ ಸದ್ದು ಬರುತ್ತಿತ್ತು. ಪಂಪು ತೊಳೆದು ಕೂರಿಸಿ ಕೈ ಒರೆಸಿಕೊಂಡೆ. ಹೊರಡಲಾಗಲಿಲ್ಲ.

"ಅತ್ಗೆ, ಒಂದು ಮಾತದ. ಮೊದ್ಲು ಒಂದು ಮೀನಿತ್ತಲ್ಲ, ಮದ್ಲಗಿತ್ತಿ. ಅದು ಕಾಯಿಲೇಲಿ ಸಾಯ್ನಿಲ್ಲ. ನಾನು ಆಕಿದ್ ಪಂಪು ಸಾಯಿಸ್ತು. ಅಣ್ಣನ್ಗೆ ಸುಳ್ ಯೋಳ್ಬುಟ್ಟೆ."

ಅತ್ತಿಗೆ ನನ್ನನ್ನೇ ನೋಡಿದರು. "ಗೊತ್ತು ಕಣಪ್ಪ" ಎಂದರು. "ಎದುರ್ಗೇ ಬಿದ್ದಿದ್ನಲ್ಲ ನಾನು. ಅವ್ರು ಮಾತ್ರೆ ತರಕೆ ಓಗಿದ್ರು. ಅದು ಸುತ್ತಿ ಸುತ್ತಿ ಸುಸ್ತಾಗಿ ಆ ಪೈಪ್ ಬಾಯಿಗೆ ಕಚ್ಕತ್ತು. ಕೂಗ್ದೆ. ಯಾರ್ಗೆ ಕೇಳ್ತದ?"

"ಮತ್ತೆ ಅಣ್ಣನ್ಗೆ ಯಾಕೆ ಯೋಳ್ನಿಲ್ಲ?"

"ಆಗ ಒಂದೆರಡು ಮಾತು ಬುಟ್ರೆ ನಾನಾಡಿದ್ದು ಯಾರ್ಗೆ ತಿಳೀತಿತ್ತು? ಮಾತು ಸರಿಯಾದ್ ಮೇಲೆ ಯೋಳನ ಅಂತಿದ್ದೆ. ಅಷ್ಟೊತ್ಗೆ ನೀನು ವಾರ್ವಾರ ಬತ್ತಿದ್ದೆ. ನೀ ಬತ್ತೀಯ ಅಂತ ಅವ್ರು ಶನಿವಾರ್ದಿಂದ್ಲೇ ಕಾಯೋರು." ಉಸಿರು ತೆಗೆದುಕೊಂಡರು. "ಯೋಳಿದ್ರೆ ಅವ್ರೇನಂತಿದ್ರು? ನಕ್ಬುಡೋರು ಅಷ್ಟೆ. ಆಮೇಕೆ ನೀನು ಬತ್ತಿರ್ನಿಲ್ಲ."

ನಿಜ. ಬರುತ್ತಿರಲಿಲ್ಲ. ಅವರು ಕರೆದಿದ್ದರೂ ಕೆಲಸವಿದೆ ಎನ್ನುತ್ತಿದ್ದೆ. ನನ್ನನ್ನು ಅಷ್ಟು ಸರಿಯಾಗಿ ಕಂಡದ್ದು, ಜಗತ್ತಿನ ಅರ್ಧ ಭಾಗವೇ ಕಾಣದೆ ಮಲಗಿದ್ದ ಆ ಹೆಂಗಸು. ಆ ಆರು ವರ್ಷದ ಭಾನುವಾರಗಳನ್ನು ನನಗೆ ಉಳಿಸಿಕೊಟ್ಟವರೂ ಅವರೇ.

"ಅಣ್ಣನ್ಗೆ ಕೊನೇವರ್ಗೂ ತಿಳೀನಿಲ್ವಾ?" ಎಂದು ಕೇಳಿದೆ. ತಿಳಿದಿತ್ತು ಅಂದುಬಿಡಲಿ ಎಂದು ಎಷ್ಟು ಬೇಡಿಕೊಂಡೆನೋ ನನಗೇ ಗೊತ್ತು.

"ಇಲ್ಲ ಕಣಪ್ಪ. ನೀ ಯೋಳಿದ್ನೇ ನಂಬಿದ್ರು."

ಬಸ್ಸಿನಲ್ಲಿ ಚಾಮರಾಜನಗರ ಬರುವವರೆಗೂ ಒಂದೇ ಯೋಚನೆ. ನಕ್ಕುಬಿಡುತ್ತಿದ್ದರು ಎಂದರಲ್ಲ ಅತ್ತಿಗೆ. ಹೌದು, ನಗುತ್ತಿದ್ದರು. ಮೊದಲು ಟವೆಲನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, ತಲೆ ಎತ್ತದೆ, ನೆಲ ನೋಡಿಕೊಂಡೇ ನಗುತ್ತಿದ್ದರು. ಏನೋ ಒಂದು ಮಾತು ಅನ್ನುತ್ತಿದ್ದರು, ವರ್ಷಗಟ್ಟಲೆ ನನ್ನನ್ನು ಕಾಡಿಸಲು ಸಾಕಾಗುವಂಥದ್ದು. ಏನನ್ನುತ್ತಿದ್ದರು ಎಂದು ಎಷ್ಟು ತಿಣುಕಿದರೂ ನನಗೆ ಹೊಳೆಯುವುದಿಲ್ಲ.